ಇ ಎಂಬ ಸಂಖ್ಯೆಯ ಮಿತಿ: ಸಾಧನೆ ಎಲ್ಲಿಂದ ಆರಂಭವಾಗಬೇಕು?

ಡೊಂಬಿವಲಿ ಓದುಗ ಬರೆಯುತ್ತಾರೆ:

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಈ ವರ್ಷ ಹನ್ನೊಂದನೆಯ ತರಗತಿಯ ವಿಜ್ಞಾನ ವಿಭಾಗದಲ್ಲಿ ಓದುತ್ತಿದ್ದಾಳೆ. ನಾನು ಧಾರವಾಡದ ಕಡೆ ಕನ್ನಡ ಮಾಧ್ಯಮದಲ್ಲಿ ಕಲಿತು, ವಾಣಿಜ್ಯ ಪದವಿ ಮುಗಿಸಿ, ಇಪ್ಪತ್ತು ವರ್ಷಗಳಿಂದ ಮುಂಬೈಯಲ್ಲಿ ಲೆಕ್ಕಪತ್ರದ ಕೆಲಸ ಮಾಡುತ್ತಿರುವವನು. ಆದ್ದರಿಂದ ಅವಳ ಪ್ರಶ್ನೆಗೆ ಉತ್ತರ ಹೇಳುವಷ್ಟು ಗಣಿತ ನನ್ನಲ್ಲಿಲ್ಲ.

ಎನ್ ಎಂಬ ಪೂರ್ಣಸಂಖ್ಯೆ ಮಿತಿಯಿಲ್ಲದೆ ಬೆಳೆದಾಗ (1 + 1/ಎನ್)^ಎನ್ ಎಂಬ ಬೆಲೆಯು ಇ ಎಂಬ ಸಂಖ್ಯೆಯನ್ನು, ಅಂದರೆ 2.71828… ಅನ್ನು, ಸಮೀಪಿಸುತ್ತದೆ ಎಂದು ಅವಳ ಕೋಚಿಂಗ್ ತರಗತಿಯಲ್ಲಿ ಸಾಧಿಸಿ ತೋರಿಸಿದರಂತೆ. (ಘಾತವನ್ನು ತೋರಿಸಲು ^ ಚಿಹ್ನೆ ಬಳಸಿದ್ದೇನೆ.) ಸಾಧನೆ ಹೀಗಿತ್ತು: ಮೊದಲು ಲಾಗ್ (ಇ ಆಧಾರದ ಲಾಗರಿದಮ್) ತೆಗೆದುಕೊಂಡರೆ ಎನ್ × ಲಾಗ್(1 + 1/ಎನ್) ಆಗುತ್ತದೆ, 1/ಎನ್ ಅನ್ನು ಎಚ್ ಎಂದು ಕರೆದರೆ ಅದು ಲಾಗ್(1 + ಎಚ್) ÷ ಎಚ್ ಆಗುತ್ತದೆ, ಎಚ್ ಸೊನ್ನೆಯತ್ತ ಹೋದಾಗ ಲೋಪಿತಾಲ್ ನಿಯಮದಂತೆ (ಅಂಶ, ಛೇದ ಎರಡೂ ಸೊನ್ನೆಯತ್ತ ಹೋದಾಗ ಅವುಗಳ ನಿಷ್ಪನ್ನಗಳನ್ನು, ಅಂದರೆ ಬದಲಾವಣೆಯ ದರಗಳನ್ನು, ಭಾಗಿಸಿ ಮಿತಿ ಕಾಣುವ ನಿಯಮ) ಇದರ ಮಿತಿ 1, ಆದ್ದರಿಂದ ಮೂಲ ಬೆಲೆಯ ಮಿತಿ ಇ. ಮಗಳು ಅದೇ ನೋಟ್‌ಬುಕ್ಕಿನಲ್ಲಿ ಕೆಲವು ಪುಟ ಹಿಂದಕ್ಕೆ ತಿರುವಿ ನನಗೆ ಒಂದು ಸಾಲನ್ನು ತೋರಿಸಿದಳು. ಲಾಗ್ ಎಕ್ಸ್‌ನ ನಿಷ್ಪನ್ನ 1/ಎಕ್ಸ್ ಎಂದು ಅಲ್ಲಿ ಸಾಧಿಸುವಾಗ, (1 + ಎಚ್)^(1/ಎಚ್) ಎಂಬುದರ ಮಿತಿ ಇ ಎಂಬುದನ್ನೇ ಬಳಸಿದ್ದರು. “ಪಪ್ಪಾ, ಇದನ್ನು ಸಾಧಿಸಲು ಅದು ಬೇಕು, ಅದನ್ನು ಸಾಧಿಸಲು ಇದು ಬೇಕು, ಹಾಗಾದರೆ ಯಾವುದು ಮೊದಲು?” ಎಂದು ಕೇಳಿದಳು. ತರಗತಿಯಲ್ಲಿ ಕೇಳಿದಾಗ ಪರೀಕ್ಷೆಗೆ ಸೂತ್ರ ನೆನಪಿದ್ದರೆ ಸಾಕು ಎಂಬ ಉತ್ತರ ಬಂದಿತಂತೆ. ಅವಳಿಗೆ ಅದು ಸಾಕಾಗಿಲ್ಲ. ನಿಜ ಹೇಳಬೇಕೆಂದರೆ ನನಗೂ ಸಾಕಾಗಿಲ್ಲ. ತಿಳಿದವರು ದಯವಿಟ್ಟು ಬಿಡಿಸಿ ಹೇಳಬೇಕು.

ಮಾಟುಂಗಾ ಮೇಷ್ಟ್ರು ಬರೆಯುತ್ತಾರೆ:

ನಿಮ್ಮ ಮಗಳು ಹಿಡಿದಿರುವುದು ನಿಜವಾದ ದೋಷವನ್ನೇ. ಬಾವಿಯ ಹಗ್ಗವನ್ನು ಅದೇ ಬಾವಿಯ ಕೊಡಕ್ಕೆ ಕಟ್ಟಿ ಇಳಿಯಲಾಗುವುದಿಲ್ಲ. ಲಾಗ್‌ನ ನಿಷ್ಪನ್ನವನ್ನು ಬೇರೆ ಮಾರ್ಗದಿಂದ ಪಡೆದಿದ್ದರೆ ಆ ಸಾಧನೆಗೆ ಕುಂದಿಲ್ಲ. ಇದೇ ಮಿತಿಯಿಂದ ಪಡೆದಿದ್ದರೆ ಅದು ಸಾಧನೆಯೇ ಅಲ್ಲ. ಇಂಥ ಪ್ರಶ್ನೆಯಲ್ಲಿ ಮೊದಲು ಕೇಳಿಕೊಳ್ಳಬೇಕಾದದ್ದು, ಇ ಎಂದರೆ ಯಾವ ಸಂಖ್ಯೆ ಎಂದು ನಾವು ಒಪ್ಪಿಕೊಂಡು ಹೊರಟಿದ್ದೇವೆ ಎಂಬುದನ್ನು. ಈ ಮಿತಿಗೇ ಇ ಎಂದು ಹೆಸರಿಟ್ಟಿದ್ದರೆ, “ಮಿತಿ ಇ ಆಗಿದೆ” ಎಂಬುದರಲ್ಲಿ ಸಾಧಿಸಲು ಏನೂ ಉಳಿದಿಲ್ಲ. ಸಾಧಿಸಬೇಕಾದದ್ದು ಅಂಥದೊಂದು ಮಿತಿ ಇದೆ ಎಂಬುದನ್ನು ಮಾತ್ರ. 1 + 1/1! + 1/2! + 1/3! + … (3! ಎಂದರೆ 1 × 2 × 3, ಉಳಿದವೂ ಹೀಗೆಯೇ) ಎಂಬ ಅನಂತ ಶ್ರೇಣಿಯ ಮೊತ್ತಕ್ಕೆ ಆ ಹೆಸರಿಟ್ಟಿದ್ದರೆ, ಮಿತಿಯೂ ಮೊತ್ತವೂ ಒಂದೇ ಎಂದು ತೋರಿಸಬೇಕು. ಲಾಗ್‌ನ ಮೂಲಕ ಹೆಸರಿಟ್ಟಿದ್ದರೆ ಸಾಧನೆಯ ದಾರಿ ಮತ್ತೂ ಬೇರೆ.

ಮೊದಲನೆಯದನ್ನು ನೋಡೋಣ. ಇದಕ್ಕೆ ಲಾಗ್ ಬೇಡ, ನಿಷ್ಪನ್ನ ಕಾಣುವ ಅವಕಲನವೂ ಬೇಡ. ಹೈಸ್ಕೂಲಿನ ಗಣಿತ ಸಾಕು.

ಎನ್‌ಗೆ 1, 2, 3, 4 ಎಂದು ಬೆಲೆ ಕೊಟ್ಟರೆ 2, 2.25, 2.370…, 2.441… ಎಂದು ಬರುತ್ತದೆ. ಇದು ಏರುತ್ತಲೇ ಹೋಗುತ್ತದೆಯೇ ಎಂಬುದು ಮೊದಲ ಸಂದೇಹ, ಏಕೆಂದರೆ ಇಲ್ಲಿ ಎರಡು ಶಕ್ತಿಗಳು ಎದುರುಬದುರು ಎಳೆಯುತ್ತಿವೆ: ಆವರಣದೊಳಗಿನ ಸಂಖ್ಯೆ 1ರತ್ತ ಕುಗ್ಗುತ್ತಿದೆ, ಹೊರಗಿನ ಘಾತ ಹಿಗ್ಗುತ್ತಿದೆ. ಧನ ಸಂಖ್ಯೆಗಳ ಸಮಾಂತರ ಮಾಧ್ಯವು (ಅಂದರೆ ಸರಾಸರಿಯು) ಗುಣೋತ್ತರ ಮಾಧ್ಯಕ್ಕಿಂತ (ಎಲ್ಲವನ್ನೂ ಗುಣಿಸಿ, ಸಂಖ್ಯೆಗಳು ಎಷ್ಟಿವೆಯೋ ಅಷ್ಟನೆಯ ಮೂಲ ತೆಗೆದಾಗ ಬರುವುದಕ್ಕಿಂತ) ಎಂದಿಗೂ ಕಡಿಮೆಯಾಗುವುದಿಲ್ಲ, ಸಂಖ್ಯೆಗಳೆಲ್ಲ ಸಮವಾಗಿಲ್ಲದಿದ್ದರೆ ಹೆಚ್ಚೇ ಇರುತ್ತದೆ ಎಂಬುದು ನಿಮಗೆ ತಿಳಿದಿದೆ. (1 + 1/ಎನ್) ಎಂಬುದನ್ನು ಎನ್ ಬಾರಿ ಬರೆದು, ಪಕ್ಕದಲ್ಲಿ 1 ಅನ್ನು ಒಂದು ಬಾರಿ ಬರೆಯಿರಿ. ಒಟ್ಟು ಎನ್ + 1 ಸಂಖ್ಯೆಗಳಾದವು. ಅವುಗಳ ಮೊತ್ತ ಎನ್ + 2, ಆದ್ದರಿಂದ ಸರಾಸರಿ 1 + 1/(ಎನ್ + 1). ಅವುಗಳ ಗುಣಲಬ್ಧ (1 + 1/ಎನ್)^ಎನ್. ಗುಣಲಬ್ಧವು ಸರಾಸರಿಯ (ಎನ್ + 1)ನೆಯ ಘಾತಕ್ಕಿಂತ ಕಡಿಮೆ ಇರಲೇಬೇಕು. ಆ ಘಾತವೇ ನಮ್ಮ ಪಟ್ಟಿಯ ಮುಂದಿನ ಪದ. ಎನ್ = 2 ಎಂದು ಹಾಕಿ ಕೈಯಾರೆ ಮಾಡಿದರೆ ಮನಸ್ಸಿಗೆ ಹತ್ತುತ್ತದೆ: ಸಂಖ್ಯೆಗಳು 1.5, 1.5 ಮತ್ತು 1, ಗುಣಲಬ್ಧ 2.25, ಸರಾಸರಿ 4/3, ಅದರ ಘನ 64/27, ಅಂದರೆ 2.37. ಪಕ್ಕದಲ್ಲಿ ಇಟ್ಟ ಆ ಒಂದೇ ಒಂದು 1 ಇಡೀ ಕೆಲಸವನ್ನು ಮಾಡಿಕೊಡುವುದನ್ನು ನಾನು ಎಷ್ಟು ಸಲ ಕಲಿಸಿದ್ದರೂ ಇಂದಿಗೂ ಸಂತೋಷದಿಂದಲೇ ನೋಡುತ್ತೇನೆ.

ಏರಿಕೆ ಎಲ್ಲೆ ಮೀರುವುದಿಲ್ಲ ಎಂಬುದು ಎರಡನೆಯ ಭಾಗ. ದ್ವಿಪದ ಪ್ರಮೇಯದಿಂದ ವಿಸ್ತರಿಸಿದರೆ

1 + 1 + (1/2!)(1 − 1/ಎನ್) + (1/3!)(1 − 1/ಎನ್)(1 − 2/ಎನ್) + …

ಎಂದು ಎನ್ + 1 ಪದಗಳು ಬರುತ್ತವೆ. ಆವರಣದ ಪ್ರತಿಯೊಂದು ಅಪವರ್ತನವೂ 1ಕ್ಕಿಂತ ಕಡಿಮೆ. ಆದ್ದರಿಂದ ಮೊತ್ತವು 1 + 1 + 1/2! + 1/3! + … ಅನ್ನು ಮೀರದು. 3! ಎಂದರೆ 6, ಅದು 4ಕ್ಕಿಂತ ದೊಡ್ಡದು, 4! ಎಂದರೆ 24, ಅದು 8ಕ್ಕಿಂತ ದೊಡ್ಡದು, ಮುಂದೆಯೂ ಹೀಗೆಯೇ. ಹಾಗಾಗಿ ಇಡೀ ಮೊತ್ತ 1 + (1 + 1/2 + 1/4 + 1/8 + …) ಎಂಬುದಕ್ಕಿಂತ, ಅಂದರೆ 3ಕ್ಕಿಂತ ಕಡಿಮೆ. ಏರುತ್ತಲೇ ಇದ್ದೂ 3ನ್ನು ದಾಟಲಾಗದ ಶ್ರೇಢಿಗೆ (ಸಂಖ್ಯೆಗಳ ಸಾಲಿಗೆ) ಮಿತಿ ಇದ್ದೇ ಇರುತ್ತದೆ. ಆ ಮಿತಿಗೆ ಇ ಎಂದು ಹೆಸರು.

ಠಾಣೆ ಠೇವಣಿದಾರ ಬರೆಯುತ್ತಾರೆ:

ನಾನು ಬ್ಯಾಂಕಿನಿಂದ ನಿವೃತ್ತನಾದವನು. ಮೇಷ್ಟ್ರು ಹೇಳಿದ “ಏರುತ್ತದೆ, ಆದರೆ ಎಲ್ಲೆ ಮೀರುವುದಿಲ್ಲ” ಎಂಬುದನ್ನು ನಮ್ಮ ಕೌಂಟರಿನಲ್ಲಿ ದಿನವೂ ಕಂಡಿದ್ದೇನೆ. ಒಂದು ಲಕ್ಷ ರೂಪಾಯಿಯ ಠೇವಣಿಗೆ ವಾರ್ಷಿಕ ಶೇಕಡಾ 7ರಂತೆ ಸರಳ ಬಡ್ಡಿ 7,000 ರೂಪಾಯಿ. ಮೂರು ತಿಂಗಳಿಗೊಮ್ಮೆ ಬಡ್ಡಿಯನ್ನು ಅಸಲಿಗೆ ಸೇರಿಸಿದರೆ 7,186 ರೂಪಾಯಿ. ದಿನಕ್ಕೊಮ್ಮೆ ಸೇರಿಸುವ ಬ್ಯಾಂಕ್ ಇದ್ದರೆ ಎಷ್ಟು ಸಿಗಬಹುದು ಎಂದು ಕೇಳುವ ಗ್ರಾಹಕರು ಇರುತ್ತಿದ್ದರು; ಬಹಳ ದೊಡ್ಡ ಮೊತ್ತವನ್ನೇ ಅವರು ಊಹಿಸಿಕೊಂಡಿರುತ್ತಿದ್ದರು. ಕ್ಷಣಕ್ಷಣಕ್ಕೂ ಸೇರಿಸಿದರೂ ಅದು 7,251 ರೂಪಾಯಿಯನ್ನು ದಾಟುವುದಿಲ್ಲ. ಮೂರು ತಿಂಗಳಿಗೂ ಕ್ಷಣಕ್ಕೂ ನಡುವಿನ ವ್ಯತ್ಯಾಸ ವರ್ಷಕ್ಕೆ 65 ರೂಪಾಯಿ! ಶೇಕಡಾ 100ರ ಬಡ್ಡಿ ಕೊಡುವ ಬ್ಯಾಂಕನ್ನು ಕಲ್ಪಿಸಿಕೊಂಡರೆ ಒಂದು ರೂಪಾಯಿ ವರ್ಷದ ಕೊನೆಗೆ (1 + 1/ಎನ್)^ಎನ್ ರೂಪಾಯಿ ಆಗುತ್ತದೆ: ತಿಂಗಳಿಗೊಮ್ಮೆ ಸೇರಿಸಿದರೆ 2.613, ದಿನಕ್ಕೊಮ್ಮೆ ಸೇರಿಸಿದರೆ 2.7146. ಸ್ವಿಟ್ಜರ್ಲೆಂಡಿನ ಜೇಕಬ್ ಬರ್ನೌಲಿ 1683ರಲ್ಲಿ ಈ ಮಿತಿಯ ಬಳಿಗೆ ಬಂದದ್ದು ಚಕ್ರಬಡ್ಡಿಯ ಇದೇ ಪ್ರಶ್ನೆಯಿಂದ. ಅದು 2ಕ್ಕೂ 3ಕ್ಕೂ ನಡುವೆ ಇರಬೇಕೆಂದು ಅವರು ಕಂಡುಕೊಂಡಿದ್ದರು.

ಪಿಂಪ್ರಿ ಪ್ರೋಗ್ರಾಮರ್ ಬರೆಯುತ್ತಾರೆ:

ಸಾಧನೆ ಏಕೆ ಬೇಕು, ಕಂಪ್ಯೂಟರಿನಲ್ಲಿ ದೊಡ್ಡ ಎನ್ ಹಾಕಿ ನೋಡಿದರೆ ಸಾಲದೇ ಎಂದು ಯಾರಾದರೂ ಕೇಳುವ ಮೊದಲೇ ನನಗಾದ ಅನುಭವವನ್ನು ಹೇಳುತ್ತೇನೆ. ಪೈಥಾನ್‌ನಲ್ಲಿ ಒಂದೇ ಸಾಲಿನ ಲೆಕ್ಕ ಬರೆದು ಎನ್ ಅನ್ನು ಏರಿಸುತ್ತಾ ಹೋದೆ. ನೂರಕ್ಕೆ 2.70481 ಬಂತು, ಸಾವಿರಕ್ಕೆ 2.71692 ಬಂತು, ಹತ್ತು ಸಾವಿರಕ್ಕೆ 2.71815 ಬಂತು, ಎಲ್ಲವೂ ನಿರೀಕ್ಷೆಯಂತೆಯೇ ಇತ್ತು. 10^12 ಹಾಕಿದಾಗ 2.71852 ಬಂತು, ಅದು ಇಗಿಂತಲೇ ಹೆಚ್ಚು, ಮೇಷ್ಟ್ರ ಸಾಧನೆಯ ಪ್ರಕಾರ ಹಾಗೆ ಆಗುವಂತಿಲ್ಲ. 10^15 ಹಾಕಿದಾಗ 3.035 ಬಂತು. 10^16 ಹಾಕಿದಾಗ ಬಂದ ಉತ್ತರ 1.

ತಪ್ಪು ಗಣಿತದ್ದಲ್ಲ. ಕಂಪ್ಯೂಟರ್ ದಶಮಾಂಶ ಸಂಖ್ಯೆಗಳಿಗೆ ಸಾಮಾನ್ಯವಾಗಿ ಬಳಸುವ ದ್ವಿಮಾನ (0 ಮತ್ತು 1 ಮಾತ್ರ ಇರುವ) ಲೆಕ್ಕದಲ್ಲಿ 1ರ ನಂತರ ಅದಕ್ಕೆ ಬರೆದಿಡಲು ಸಾಧ್ಯವಾಗುವ ಮುಂದಿನ ಸಂಖ್ಯೆ ಸುಮಾರು 2.22 × 10^−16ರಷ್ಟು ದೂರದಲ್ಲಿದೆ. ಅದರ ಅರ್ಧಕ್ಕಿಂತಲೂ ಚಿಕ್ಕದಾದ 10^−16 ಅನ್ನು ಕೂಡಿಸಿದರೆ ಅದು ಮತ್ತೆ 1 ಎಂದೇ ದಾಖಲಾಗುತ್ತದೆ. 1ನ್ನು 1ರಿಂದಲೇ ಎಷ್ಟು ಬಾರಿ ಗುಣಿಸಿದರೂ ಬರುವುದು 1. 10^−15 ಅನ್ನು 1ಕ್ಕೆ ಕೂಡಿಸಿದಾಗ ಅದು ಹೆಚ್ಚುಕಡಿಮೆ 1.11 × 10^−15 ಎಂದು ದಾಖಲಾಗುತ್ತದೆ, ಅಷ್ಟು ಸಣ್ಣ ತಪ್ಪು ಘಾತಕ್ಕೆ ಏರಿ 2.718ನ್ನು 3.035 ಮಾಡಿಬಿಡುತ್ತದೆ. ಹಾಗಾಗಿ ಪಟ್ಟಿಯು ದಾರಿಯನ್ನು ಸೂಚಿಸಬಹುದು, ಆದರೆ ಅದನ್ನೇ ನಂಬಿ ನಿಂತರೆ ಒಮ್ಮೆ ಕೈಕೊಡುತ್ತದೆ. ಸಂಖ್ಯೆಯೇ ಬೇಕಾಗಿದ್ದರೆ ಶ್ರೇಣಿಯೇ ಒಳ್ಳೆಯದು: 1/10! ವರೆಗಿನ ಹನ್ನೊಂದು ಪದಗಳನ್ನು ಕೂಡಿಸಿದರೆ 2.7182818 ಬರುತ್ತದೆ, (1 + 1/ಎನ್)^ಎನ್‌ನಿಂದ ಅಷ್ಟೇ ನಿಖರತೆ ಪಡೆಯಲು ಎನ್ ಸುಮಾರು ಐದು ಕೋಟಿ ಆಗಬೇಕು.

ಡೊಂಬಿವಲಿ ಓದುಗ ಬರೆಯುತ್ತಾರೆ:

ಮೇಷ್ಟ್ರೇ, ಸರಾಸರಿಯ ಸಾಧನೆ ನನಗೇ ಅರ್ಥವಾಯಿತು ಎಂಬುದು ನನ್ನ ಪಾಲಿಗೆ ದೊಡ್ಡ ವಿಷಯ. ನಿನ್ನೆ ಸಂಜೆಯ ಲೋಕಲ್‌ನಲ್ಲಿ ಕುರ್ಲಾ ದಾಟಿದ ಮೇಲೆ ಕುಳಿತುಕೊಳ್ಳಲು ಜಾಗ ಸಿಕ್ಕಿತು; ಬಿಲ್ಲಿನ ಹಿಂಬದಿಯಲ್ಲಿ ಎನ್ = 3 ಇಟ್ಟು ನಾನೇ ಮಾಡಿ ನೋಡಿದೆ. 4/3 ಮೂರು ಬಾರಿ, 1 ಒಂದು ಬಾರಿ, ಸರಾಸರಿ 5/4. ಸರಿಯಾಗಿ ಬಂತು.

ಮಗಳಿಗೆ ಮಾತ್ರ ಇನ್ನೊಂದು ಸಂದೇಹ ಉಳಿದಿದೆ. ಶ್ರೇಣಿಯ ಮೊತ್ತವೂ ಈ ಮಿತಿಯೂ ಒಂದೇ ಎಂದು ತೋರಿಸಲು ಅವಳ ಗೆಳತಿಯೊಬ್ಬಳು ಹೇಳಿದ ಉಪಾಯ ಇದು: ದ್ವಿಪದ ವಿಸ್ತರಣೆಯಲ್ಲಿ ಎನ್ ಬೆಳೆದಂತೆ 1/ಎನ್, 2/ಎನ್ ಎಲ್ಲವೂ ಸೊನ್ನೆಯಾಗುತ್ತವೆ, ಆವರಣಗಳೆಲ್ಲ 1 ಆಗುತ್ತವೆ, ಉಳಿಯುವುದು ಶ್ರೇಣಿ. ಮಗಳ ಆಕ್ಷೇಪ ಏನೆಂದರೆ, ಎನ್ ಬೆಳೆದಂತೆ ಪದಗಳ ಸಂಖ್ಯೆಯೂ ಬೆಳೆಯುತ್ತಿದೆ, ಕೊನೆಯ ಪದಗಳ ಆವರಣದಲ್ಲಿ (ಎನ್ − 1)/ಎನ್ ಎಂಬುದೂ ಇದೆ, ಅದು ಸೊನ್ನೆಯ ಬಳಿಗೂ ಹೋಗುವುದಿಲ್ಲ. ಇದು ಬರಿಯ ಹಟವೋ, ನಿಜವಾದ ತೊಡಕೋ?

ಮಡಗಾಂವ್ ಉಪನ್ಯಾಸಕಿ ಬರೆಯುತ್ತಾರೆ:

ಹಟವಲ್ಲ, ತೊಡಕು ನಿಜವಾದದ್ದೇ. ಪ್ರತಿಯೊಂದು ಪದದ ಮಿತಿ ಗೊತ್ತಿದ್ದ ಮಾತ್ರಕ್ಕೆ ಬೆಳೆಯುತ್ತಿರುವ ಮೊತ್ತದ ಮಿತಿ ಗೊತ್ತಾಗುವುದಿಲ್ಲ. 1/ಎನ್ ಅನ್ನು ಎನ್ ಬಾರಿ ಕೂಡಿಸಿ ನೋಡಲಿ: ಪ್ರತಿಯೊಂದು ಪದವೂ ಸೊನ್ನೆಯತ್ತ ಹೋಗುತ್ತದೆ, ಮೊತ್ತ ಮಾತ್ರ ಸದಾ 1. ನನ್ನ ಪದವಿ ತರಗತಿಯ ವಿದ್ಯಾರ್ಥಿಗಳು ಕೂಡ ಈ ಹಳ್ಳಕ್ಕೆ ಬೀಳುತ್ತಾರೆ.

ದಾಟುವ ಬಗೆ ಹೀಗೆ. ಎಂ ಎಂಬ ಒಂದು ಸಂಖ್ಯೆಯನ್ನು ಹಿಡಿದು ಅದನ್ನು ಅಲುಗಾಡಿಸಬೇಡಿ. ಎನ್ ಅದಕ್ಕಿಂತ ದೊಡ್ಡದಾಗಿರಲಿ. ವಿಸ್ತರಣೆಯ ಪದಗಳೆಲ್ಲ ಧನಾತ್ಮಕವಾಗಿರುವುದರಿಂದ 1/ಎಂ! ಇರುವ ಪದದವರೆಗಿನದನ್ನು ಮಾತ್ರ ಉಳಿಸಿಕೊಂಡು ಮುಂದಿನದನ್ನು ಕೈಬಿಟ್ಟರೆ ಮೊತ್ತ ಕಡಿಮೆಯಾಗುತ್ತದೆ. ಉಳಿದ ಪದಗಳು ನಿಶ್ಚಿತ ಸಂಖ್ಯೆಯವು, ಹಾಗಾಗಿ ಈಗ ಎನ್ ಅನ್ನು ಬೆಳೆಸಿದರೆ ಪದಪದವಾಗಿ ಮಿತಿ ತೆಗೆದುಕೊಳ್ಳಲು ಯಾವ ಅಡ್ಡಿಯೂ ಇಲ್ಲ. ನಮ್ಮ ಮಿತಿಯು 1 + 1/1! + 1/2! + … + 1/ಎಂ! ಎಂಬುದಕ್ಕಿಂತ ಕಡಿಮೆಯಲ್ಲ ಎಂದಾಯಿತು. ಎಂ ಯಾವುದೇ ಆಗಿದ್ದರೂ ಇದು ನಿಜ. ಆದ್ದರಿಂದ ಮಿತಿಯು ಇಡೀ ಶ್ರೇಣಿಯ ಮೊತ್ತಕ್ಕಿಂತ ಕಡಿಮೆಯಲ್ಲ. ಅದು ಮೊತ್ತಕ್ಕಿಂತ ಹೆಚ್ಚಲ್ಲ ಎಂಬುದನ್ನು ಮೇಷ್ಟ್ರು ಮೇಲೆಯೇ ತೋರಿಸಿದ್ದಾರೆ. ಕಡಿಮೆಯೂ ಅಲ್ಲ, ಹೆಚ್ಚೂ ಅಲ್ಲ ಎಂದ ಮೇಲೆ ಎರಡೂ ಒಂದೇ. ಮೊದಲು ಎಂ ಸ್ಥಿರ, ಎನ್ ಚಲಿಸುತ್ತದೆ. ಆಮೇಲೆ ಎಂ ಚಲಿಸುತ್ತದೆ. ಎರಡನ್ನೂ ಒಟ್ಟಿಗೆ ಓಡಿಸಿದ್ದೇ ಗೆಳತಿಯ ಉಪಾಯದಲ್ಲಿದ್ದ ದೋಷ.

ಇನ್ನು ಲಾಗ್‌ನ ದಾರಿ. ಕೋಚಿಂಗ್ ತರಗತಿಯ ಸಾಧನೆಯನ್ನು ಉಳಿಸಿಕೊಳ್ಳುವ ಮಾರ್ಗವೂ ಇದೇ, ಮತ್ತು ನನಗೆ ಎಲ್ಲಕ್ಕಿಂತ ಇಷ್ಟವಾದದ್ದೂ ಇದೇ. ಇ ಎಂಬ ಮಾತನ್ನೇ ಎತ್ತದೆ, 1/ಎಕ್ಸ್ ಎಂಬ ವಕ್ರರೇಖೆಯ ಕೆಳಗೆ 1ರಿಂದ ಎ ವರೆಗಿನ ವಿಸ್ತೀರ್ಣವನ್ನು ಲಾಗ್ ಎ ಎಂದು ಕರೆಯೋಣ. ಈ ವಿಸ್ತೀರ್ಣವನ್ನು 1647ರಲ್ಲೇ ಸೇಂಟ್ ವಿನ್ಸೆಂಟಿನ ಗ್ರೆಗರಿ ಅಧ್ಯಯನ ಮಾಡಿ ಪ್ರಕಟಿಸಿದ್ದರು. 1ರಿಂದ ಬಿ ವರೆಗಿನ ಚಿತ್ರವನ್ನು ಅಡ್ಡಲಾಗಿ ಎ ಪಟ್ಟು ಹಿಗ್ಗಿಸಿ, ಎತ್ತರದಲ್ಲಿ ಎ ಪಟ್ಟು ಕುಗ್ಗಿಸಿದರೆ, ಅದು ಎಯಿಂದ ಎ × ಬಿ ವರೆಗಿನ ಚಿತ್ರದ ಮೇಲೆ ಸರಿಯಾಗಿ ಕೂರುತ್ತದೆ, ವಿಸ್ತೀರ್ಣ ಬದಲಾಗುವುದಿಲ್ಲ. ಲಾಗ್(ಎ × ಬಿ) = ಲಾಗ್ ಎ + ಲಾಗ್ ಬಿ ಎಂಬ ನಿಯಮ ಇಷ್ಟರಿಂದಲೇ ಬಂತು; ಅದರಿಂದ ಎ^ಎನ್‌ನ ಲಾಗ್ ಎನ್ × ಲಾಗ್ ಎ ಎಂಬುದೂ ಬಂತು. ವಿಸ್ತೀರ್ಣವು ಸರಿಯಾಗಿ 1 ಆಗುವ ಸ್ಥಾನಕ್ಕೆ ಇ ಎಂದು ಹೆಸರಿಡಿ.

ಈಗ 1ರಿಂದ 1 + 1/ಎನ್ ವರೆಗಿನ ಕಿರಿದಾದ ಪಟ್ಟಿಯನ್ನು ಕಾಗದದ ಮೇಲೆ ಬರೆದು ನೋಡಿ. ಅಗಲ 1/ಎನ್. ಎಡ ಅಂಚಿನ ಎತ್ತರ 1, ಬಲ ಅಂಚಿನ ಎತ್ತರ ಎನ್/(ಎನ್ + 1). ವಕ್ರರೇಖೆ ಇಳಿಮುಖವಾದದ್ದರಿಂದ ಪಟ್ಟಿಯ ವಿಸ್ತೀರ್ಣವು ದೊಡ್ಡ ಆಯತದ 1/ಎನ್‌ಗಿಂತ ಕಡಿಮೆ, ಸಣ್ಣ ಆಯತದ 1/(ಎನ್ + 1)ಗಿಂತ ಹೆಚ್ಚು. ಮೊದಲನೆಯದನ್ನು ಎನ್‌ನಿಂದ ಗುಣಿಸಿದರೆ (1 + 1/ಎನ್)^ಎನ್‌ನ ಲಾಗ್ 1ಕ್ಕಿಂತ ಕಡಿಮೆ. ಎರಡನೆಯದನ್ನು ಎನ್ + 1ರಿಂದ ಗುಣಿಸಿದರೆ (1 + 1/ಎನ್)^(ಎನ್ + 1)ನ ಲಾಗ್ 1ಕ್ಕಿಂತ ಹೆಚ್ಚು. ವಿಸ್ತೀರ್ಣ ಬಲಕ್ಕೆ ಹೋದಂತೆ ಬೆಳೆಯುವುದರಿಂದ, ಇ ಈ ಎರಡರ ನಡುವೆ ಸಿಕ್ಕಿಕೊಂಡಿದೆ:

(1 + 1/ಎನ್)^ಎನ್ < ಇ < (1 + 1/ಎನ್)^(ಎನ್ + 1)

ಎನ್ ನೂರಾದರೆ ಇ 2.7048ಕ್ಕೂ 2.7319ಕ್ಕೂ ನಡುವೆ ಇದೆ. ಎರಡು ಬದಿಗಳ ಅಂತರವು ಎಡಬದಿಯ 1/ಎನ್ ಪಾಲು; ಎಡಬದಿ ಎಂದೂ ಇಯನ್ನು ಮೀರದಿರುವುದರಿಂದ ಆ ಅಂತರ ಇ/ಎನ್‌ಗಿಂತ ಕಡಿಮೆ, ಅದು ಸೊನ್ನೆಗೆ ಹೋಗುತ್ತದೆ. ಸಾಧನೆ ಮುಗಿಯಿತು. ಲೋಪಿತಾಲ್ ಬೇಕಾಗಲಿಲ್ಲ, ಎರಡು ಆಯತಗಳು ಸಾಕಾದವು. ಮೇಲಾಗಿ ತಪ್ಪು ಎಷ್ಟಿರಬಹುದು ಎಂಬುದರ ಲೆಕ್ಕವೂ ಜೊತೆಯಲ್ಲೇ ಸಿಕ್ಕಿತು.

ಠಾಣೆ ಠೇವಣಿದಾರ ಬರೆಯುತ್ತಾರೆ:

ಮೇಡಂ, ಒಂದು ಸಣ್ಣ ಸಂದೇಹ. ಎನ್ ಪೂರ್ಣಸಂಖ್ಯೆ ಆಗಿರದಿದ್ದರೆ, ಅಂದರೆ 12.5 ಇದ್ದರೆ, ಇದೇ ಮಾತು ನಿಲ್ಲುತ್ತದೆಯೇ?

ಮಡಗಾಂವ್ ಉಪನ್ಯಾಸಕಿ ಬರೆಯುತ್ತಾರೆ:

ನಿಲ್ಲುತ್ತದೆ ಸರ್. ಆಯತಗಳ ವಾದದಲ್ಲಿ ಎನ್ ಪೂರ್ಣವಾಗಿರಬೇಕೆಂಬ ನಿರ್ಬಂಧವೇ ಇಲ್ಲ. ಭಿನ್ನರಾಶಿಯ ಘಾತಕ್ಕೂ ಲಾಗ್ ನಿಯಮ ಅನ್ವಯಿಸುತ್ತದೆ ಎಂಬುದಷ್ಟೇ ಬೇಕು. ಮೇಷ್ಟ್ರ ದಾರಿಯಲ್ಲಿ ಹೋದರೆ ಮಾತ್ರ 12.5 ಅನ್ನು 12 ಮತ್ತು 13ರ ನಡುವೆ ಇಟ್ಟು, (1 + 1/13)^12ಕ್ಕೂ (1 + 1/12)^13ಕ್ಕೂ ನಡುವೆ ಬೆಲೆಯನ್ನು ಹಿಡಿಯಬೇಕಾಗುತ್ತದೆ. ಆ ಎರಡು ಬದಿಗಳೂ ಕೊನೆಗೆ ಅದೇ ಮಿತಿಗೆ ಬರುತ್ತವೆ.

ಮಾಟುಂಗಾ ಮೇಷ್ಟ್ರು ಬರೆಯುತ್ತಾರೆ:

ಮೇಡಂ ಅವರ ಆಯತಗಳನ್ನು ನೋಡಿ ಮನಸ್ಸು ತುಂಬಿತು. ನಾನು ಒಂದು ಮಾತನ್ನು ಮಾತ್ರ ಸೇರಿಸಬೇಕು, ಏಕೆಂದರೆ ಮೊದಲ ಬರಹದಲ್ಲಿ ಅದನ್ನು ಒಂದೇ ವಾಕ್ಯದಲ್ಲಿ ದಾಟಿಸಿಬಿಟ್ಟೆ. ಏರುತ್ತಾ ಎಲ್ಲೆಯೊಳಗೇ ಇರುವ ಶ್ರೇಢಿಗೆ ಮಿತಿ ಇದ್ದೇ ಇರುತ್ತದೆ ಎಂದೆನಲ್ಲ, ಅದು ವಾಸ್ತವ ಸಂಖ್ಯೆಗಳ (ಸಂಖ್ಯಾರೇಖೆಯ ಮೇಲಿನ ಎಲ್ಲ ಬಿಂದುಗಳ) ಗುಣ. ಭಿನ್ನರಾಶಿಗಳ ಲೋಕದಲ್ಲಿ ಅದು ಸುಳ್ಳು. ನಮ್ಮ ಶ್ರೇಢಿಯೇ ಅದಕ್ಕೆ ಸಾಕ್ಷಿ. 2, 9/4, 64/27, 625/256 ಎಂದು ಅದರ ಪ್ರತಿಯೊಂದು ಪದವೂ ಶುದ್ಧ ಭಿನ್ನರಾಶಿ. ಇ ಮಾತ್ರ ಭಿನ್ನರಾಶಿಯಲ್ಲ. ಅದನ್ನು 1737ರಲ್ಲಿ ಲಿಯೊನಾರ್ಡ್ ಆಯ್ಲರ್ ತೋರಿಸಿದರು. ಭಿನ್ನರಾಶಿಗಳನ್ನಷ್ಟೇ ಬಲ್ಲವನಿಗೆ ಈ ಶ್ರೇಢಿ ಏರುತ್ತಾ ಏರುತ್ತಾ ಹೋಗಿ ಯಾವ ಸಂಖ್ಯೆಯ ಬಳಿಯೂ ತಲುಪದೆ ಉಳಿಯುತ್ತದೆ.

ಹಿಂದೆ ಹಗಲೆಲ್ಲ ಹೋಟೆಲುಗಳಲ್ಲಿ ದುಡಿದು ರಾತ್ರಿ ಶಾಲೆಗೆ ಬರುತ್ತಿದ್ದ ನಮ್ಮ ಹುಡುಗರಿಗೆ ನಾನು ಕೆಲವು ವರ್ಷ ಗಣಿತ ಹೇಳಿಕೊಟ್ಟಿದ್ದೇನೆ. ಅವರಲ್ಲಿ ಒಬ್ಬ ಚಕ್ರಬಡ್ಡಿಯ ಲೆಕ್ಕ ಮಾಡುತ್ತಾ, “ಮೇಷ್ಟ್ರೇ, ಇದು ನಿಲ್ಲುವುದು ಎಲ್ಲಿ?” ಎಂದು ಕೇಳಿದ್ದ. ಮೂರರೊಳಗೆ ನಿಲ್ಲುತ್ತದೆ ಎಂದು ಹೇಳಿದ್ದೆ. ನಿಲ್ಲಲು ಅಲ್ಲಿ ಒಂದು ಜಾಗ ಇರಬೇಕು, ಆ ಜಾಗವನ್ನು ಒದಗಿಸುವುದೇ ವಾಸ್ತವ ಸಂಖ್ಯೆಗಳ ಪೂರ್ಣತೆ ಎಂಬುದನ್ನು ಅಂದು ಹೇಳಿರಲಿಲ್ಲ. ಇಂದು ನಿಮ್ಮ ಮಗಳಿಗಾದರೂ ಹೇಳಿದೆ.

ಡೊಂಬಿವಲಿ ಓದುಗ ಬರೆಯುತ್ತಾರೆ:

ಎಲ್ಲರಿಗೂ ನಮ್ಮಿಬ್ಬರ ಕೃತಜ್ಞತೆಗಳು. ಮಗಳು ಆಯತಗಳ ಚಿತ್ರವನ್ನು ಗ್ರಾಫ್ ಕಾಗದದ ಮೇಲೆ ಎನ್ = 2 ಇಟ್ಟು ಬರೆದಿದ್ದಾಳೆ. ಪಟ್ಟಿಯೊಳಗಿನ ಸಣ್ಣ ಚೌಕಗಳನ್ನು ಎಣಿಸಿ, ವಿಸ್ತೀರ್ಣ 1/3ಕ್ಕೂ 1/2ಕ್ಕೂ ನಡುವೆ ಬರುವುದನ್ನು ಕಣ್ಣಾರೆ ಕಂಡಳು. ಆಮೇಲೆ ತಾನಾಗಿಯೇ ಒಂದು ಪ್ರಶ್ನೆ ಹಾಕಿಕೊಂಡಳು: ಕೂಡಿಸುವ ಬದಲು ಕಳೆದರೆ, (1 − 1/ಎನ್)^ಎನ್ ಎಲ್ಲಿಗೆ ಹೋಗುತ್ತದೆ? ಅವಳು ಬರೆದದ್ದನ್ನು ಇಲ್ಲಿ ಇಡುತ್ತೇನೆ, ತಪ್ಪಿದ್ದರೆ ತಿದ್ದಿ. 1 − 1/ಎನ್ ಎಂದರೆ (ಎನ್ − 1)/ಎನ್. ಅದನ್ನು ತಲೆಕೆಳಗು ಮಾಡಿದರೆ ಎನ್/(ಎನ್ − 1), ಅಂದರೆ 1 + 1/(ಎನ್ − 1). ಆದ್ದರಿಂದ (1 − 1/ಎನ್)^ಎನ್ ಎಂಬುದು (1 + 1/(ಎನ್ − 1))^ಎನ್‌ನ ವ್ಯುತ್ಕ್ರಮ. ಎನ್ − 1 ಅನ್ನು ಹೊಸ ಎನ್ ಎಂದುಕೊಂಡರೆ ಅದು ಮೇಡಂ ಬರೆದ ಬಲಬದಿಯೇ ಆಗುತ್ತದೆ, ಅದರ ಮಿತಿ ಇ. ಹಾಗಾಗಿ ಉತ್ತರ 1/ಇ.

ಮಡಗಾಂವ್ ಉಪನ್ಯಾಸಕಿ ಬರೆಯುತ್ತಾರೆ:

ಪೂರ್ತಿ ಸರಿಯಾಗಿದೆ. ಎನ್ = 1 ಆದಾಗ ಛೇದದಲ್ಲಿ ಸೊನ್ನೆ ಬರುವುದರಿಂದ “ಎನ್ 2 ಅಥವಾ ಅದಕ್ಕಿಂತ ದೊಡ್ಡದು” ಎಂದು ಮೊದಲ ಸಾಲಿನಲ್ಲಿ ಸೇರಿಸಿಕೊಳ್ಳಲು ಅವಳಿಗೆ ಹೇಳಿ.